ಅಂಕಿಗೆ ಅರ್ಥ ಹೇಳುವುದು



ಆರೋಗ್ಯದ ವಿಷಯವಾಗಿ ಮಾತನಾಡಲು ವೈದ್ಯರನ್ನು ಬಿಟ್ಟು ಕನ್ನಡ ಪಂಡಿತರಾದ ನಮ್ಮನ್ನು ಸಂಘದವರು ಕರೆದುದೇಕೆಂದು ತಮ್ಮಲ್ಲಿ ಕೆಲವರಿಗೆ ಅಚ್ಚರಿಯಾಗಿರಬಹುದು. ನಮಗೂ ಆಯಿತು. ಆದರೆ ಮಳೆಗಾಲ ಬಂದಿತೆಂದರೆ ಶಾಲೆಗೆ ಬರುವ ರೋಗಸೂಚನೆಯ ಪತ್ರಗಳನ್ನು ತರಗತಿಯಲ್ಲಿ ಓದಿ ಹೇಳುವವರು ನಾವೇ ತಾನೆ? ಇಲಿಜ್ವರ ಇಷ್ಟು, ಕಾಮಾಲೆ ಇಷ್ಟು ಎಂದು ಅಂಕಿಗಳ ಸಾಲು. ಅದೂ ಹಲವೊಮ್ಮೆ ಮಲಯಾಳದಲ್ಲಿ. ನಾವು ಕನ್ನಡಕ್ಕೆ ತಿರುಗಿಸಿ ಓದುತ್ತೇವೆ. ಓದಿದರೂ ಅದು ಮಕ್ಕಳ ಕಿವಿಯ ಬಾಗಿಲಲ್ಲೇ ನಿಂತುಬಿಡುತ್ತದೆ. ಕನ್ನಡವಲ್ಲದೆ ಬೇರೆ ಅಕ್ಷರವನ್ನರಿಯದ ಮನೆಯ ಅಜ್ಜಿಯವರೆಗೆ ತಲಪುವುದೇ ಇಲ್ಲ.

ಒಂದು ಮಳೆಗಾಲದಲ್ಲಿ ನಾವು ಆ ಪತ್ರವನ್ನು ಮಡಿಸಿಟ್ಟು, ಲಂಡನ್ ಪಟ್ಟಣದ ಒಂದು ಬಾವಿಯ ಕಥೆಯನ್ನು ಹೇಳಿದೆವು.

1854ನೆಯ ಇಸವಿ, ಆಗಸ್ಟ್ ತಿಂಗಳ ಕೊನೆ. ಸೋಹೊ ಎಂಬ ಕೇರಿಗೆ ಕಾಲರಾ ಹೊಕ್ಕು ಹತ್ತು ದಿನಗಳಲ್ಲಿ ಐನೂರಕ್ಕೂ ಹೆಚ್ಚು ಜನ ಮಡಿದರು. ದುರ್ಗಂಧದ ಗಾಳಿಯೇ ಕಾರಣವೆಂದು ಅಂದಿನ ಬಹುಮಂದಿಯ ನಂಬಿಕೆ. ಜಾನ್ ಸ್ನೋ ಎಂಬ ವೈದ್ಯನು ನೀರನ್ನು ಶಂಕಿಸಿ, ಸತ್ತವರ ಮನೆಮನೆಯನ್ನು ವಿಚಾರಿಸುತ್ತ ನಡೆದ. ಸಾವುಗಳು ಬ್ರಾಡ್ ಬೀದಿಯ ಪಂಪಿನ ಸುತ್ತ ಗುಂಪುಗೂಡಿದ್ದವು. ಸಮೀಪದ ಬಡವರ ಆಶ್ರಯಗೃಹದಲ್ಲಿದ್ದ 535 ಮಂದಿಯಲ್ಲಿ ಸತ್ತವರು 5 ಜನ ಮಾತ್ರ. ಅಲ್ಲಿ ಬೇರೆ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಎಪ್ಪತ್ತಕ್ಕೂ ಹೆಚ್ಚು ಆಳುಗಳಲ್ಲಿ ಒಬ್ಬನೂ ಸಾಯಲಿಲ್ಲ. ಅವರು ಆ ಪಂಪಿನ ನೀರನ್ನು ಮುಟ್ಟುತ್ತಿರಲಿಲ್ಲ. (ಇಲ್ಲಿ ಹಿಂದಿನ ಬೆಂಚಿನವರು ನಕ್ಕರು; ನಾವು ಕಂಡೂ ಕಾಣದಂತಿದ್ದೆವು.) ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆ. ಆಕೆ ಬ್ರಾಡ್ ಬೀದಿಯತ್ತ ಬಂದು ಎಷ್ಟೋ ತಿಂಗಳಾಗಿತ್ತು. ಆದರೂ ಕಾಲರಾದಿಂದಲೇ ಸತ್ತಳು. ಆ ಬಾವಿಯ ನೀರಿನ ರುಚಿ ಹಿಡಿದು, ಗಾಡಿಯಲ್ಲಿ ಶೀಸೆ ತರಿಸಿಕೊಂಡು ಕುಡಿಯುತ್ತಿದ್ದಳಂತೆ!

ತರಗತಿ ನಿಶ್ಶಬ್ದವಾಯಿತು. ಒಬ್ಬ ಹುಡುಗಿ ಎದ್ದು, "ನಮ್ಮದು ಸುರಂಗದ ನೀರು. ಬಹಳ ರುಚಿ. ಕುದಿಸುವುದಿಲ್ಲ" ಎಂದಳು. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದು ನೀರು ತರುವ ನಮ್ಮ ಕಾಸರಗೋಡಿನ ಸುರಂಗಗಳನ್ನು ತಾವೆಲ್ಲ ಬಲ್ಲಿರಿ. ಯಾವ ಅಂಕಿಯ ಸಾಲೂ ಅವಳಿಂದ ಈ ಮಾತನ್ನು ಹೊರಡಿಸಿರಲಿಲ್ಲ. ಮರುದಿನ ಅವಳ ಅಜ್ಜಿ, "ಆ ವಿಧವೆಗೆ ಮಕ್ಕಳಿದ್ದರೆ?" ಎಂದು ಕೇಳಿಕಳುಹಿಸಿದ್ದರು. ಇದ್ದರು, ವೈದ್ಯನಿಗೆ ಈ ಸಂಗತಿ ತಿಳಿದುದೇ ಆಕೆಯ ಮಗನಿಂದ.

ಆದರೆ ನಾವೊಂದು ತಪ್ಪು ಮಾಡಿದ್ದೆವು. "ಪಂಪಿನ ಹಿಡಿಯನ್ನು ಕಿತ್ತರು, ರೋಗ ನಿಂತಿತು" ಎಂದು ಕಥೆ ಮುಗಿಸಿ ಚಪ್ಪಾಳೆ ಗಿಟ್ಟಿಸಿದ್ದೆವು. ಬಳಿಕ ಓದಿ ನೋಡಿದರೆ, ಸೆಪ್ಟೆಂಬರ್ 8ರಂದು ಹಿಡಿ ತೆಗೆಯುವ ವೇಳೆಗೆ ಜನ ಕೇರಿಯನ್ನು ಬಿಟ್ಟು ಓಡಿದ್ದರು, ರೋಗವೂ ಇಳಿಮುಖವಾಗಿತ್ತು. ಸ್ನೋ ಮಹಾಶಯನೇ ಇದನ್ನು ಒಪ್ಪಿದ್ದಾನೆ. ಅವನ ನಿಜವಾದ ಬಲವಿರುವುದು ಬೇರೊಂದು ಕೋಷ್ಟಕದಲ್ಲಿ. ಥೇಮ್ಸ್ ನದಿಯ ಕೊಳಕು ನೀರನ್ನು ಹಂಚಿದ ಕಂಪೆನಿಯ ಹತ್ತು ಸಾವಿರ ಮನೆಗಳಿಗೆ 315 ಸಾವು; ಪಟ್ಟಣಕ್ಕಿಂತ ಮೇಲಿನಿಂದ ನೀರು ತಂದ ಕಂಪೆನಿಯ ಹತ್ತು ಸಾವಿರ ಮನೆಗಳಿಗೆ 37. ಎಷ್ಟೋ ಬೀದಿಗಳಲ್ಲಿ ಇವೆರಡರ ಕೊಳವೆಗಳೂ ಅಕ್ಕಪಕ್ಕದ ಮನೆಗಳಿಗೇ ಹೋಗುತ್ತಿದ್ದವು; ಗಾಳಿಯೊಂದೇ, ನೀರು ಬೇರೆ. ಈ ಕೋಷ್ಟಕವನ್ನು ನೆನೆಯುವವರಾರು?

ಪಾರ್ತಿಸುಬ್ಬನ ಕುಂಬಳೆ ಇರುವ ಸೀಮೆ ನಮ್ಮದು. ತಾಳಮದ್ದಳೆಯಲ್ಲಿ ಭಾಗವತರು ನಾಲ್ಕು ಸಾಲಿನ ಪದವನ್ನು ಹಾಡಿದರೆ ಅರ್ಥಧಾರಿಯು ಅರ್ಧ ಗಂಟೆ ಮಾತನಾಡಬಹುದು. ಪುರಾಣವನ್ನೂ ತರಬಹುದು, ಲೋಕವನ್ನೂ ತರಬಹುದು. ಆದರೆ ಪದದಲ್ಲಿ ಸೋತ ಕರ್ಣನನ್ನು ಅರ್ಥದಲ್ಲಿ ಗೆಲ್ಲಿಸಲಾರ. ರೋಗದ ಅಂಕಿ ಆ ಪದದಂತೆ, ಕಥೆ ಅದರ ಅರ್ಥ. ನಾವು ಆ ದಿನ ಪದವನ್ನು ಮೀರಿದ್ದೆವು.

ಮುಂದಿನ ವಾರ ತಪ್ಪೊಪ್ಪಿಕೊಂಡು, ಕಪ್ಪು ಹಲಗೆಯ ಮೇಲೆ 315, 37 ಎಂದು ಬರೆದೆವು. ಅದೇ ಹುಡುಗಿ, "ಹಾಗಾದರೆ ಹಿಡಿಯನ್ನು ತೆಗೆದುದು ವ್ಯರ್ಥವೆ?" ಎಂದಳು. ಒಳ್ಳೆಯ ಪ್ರಶ್ನೆ. ಹೆನ್ರಿ ವೈಟ್‌ಹೆಡ್ ಎಂಬ ಅಲ್ಲಿಯ ಪಾದ್ರಿಯು ಮೊದಲು ಸ್ನೋನನ್ನು ನಂಬದೆ, ತಾನೇ ಮನೆಮನೆ ಅಲೆದು ಮೂಲವನ್ನು ಕಂಡುಹಿಡಿದ. ಬಾವಿಯ ಪಕ್ಕದ ಮನೆಯಲ್ಲಿ ಕಾಯಿಲೆಬಿದ್ದ ಹಸುಗೂಸಿನ ಬಟ್ಟೆ ಒಗೆದ ನೀರನ್ನು ತಾಯಿ ಸುರಿದ ಗುಂಡಿ ಬಾವಿಗೆ ಕೆಲವೇ ಅಡಿ ದೂರದಲ್ಲಿತ್ತು. ಆ ಕೂಸಿನ ತಂದೆಗೆ ಕಾಲರಾ ಬಂದುದು ಸೆಪ್ಟೆಂಬರ್ 8ರಂದೇ! ಅಂದು ಹಿಡಿ ಇದ್ದಿದ್ದರೆ ಎರಡನೆಯ ಸುತ್ತು ಏಳುತ್ತಿತ್ತೋ ಏನೋ.

"ಇದನ್ನು ಅಜ್ಜಿಗೆ ಹೇಳಬೇಕು" ಎಂದು ಹುಡುಗಿ ಆ ಎರಡು ಅಂಕಿಗಳನ್ನೂ ಪುಸ್ತಕದಲ್ಲಿ ಬರೆದುಕೊಂಡಳು.