ಬೋಲ್ಟಿನ ಬಿಗಿಗೂ ಒಂದು ಅಳತೆಯಿದೆ

(ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಉಪನ್ಯಾಸದ ಬರಹರೂಪ)



ಇಂದು ನಮ್ಮ ಸಂಘಗಳ ಎಷ್ಟೋ ಸದಸ್ಯೆಯರು ಸ್ಕೂಟರ್ ಓಡಿಸ್ತಾರೆ. ಡೇರಿಗೆ ಹಾಲು ಕೊಡುವುದಕ್ಕೆ, ಹೊಲಿದ ಬಟ್ಟೆ ತಲುಪಿಸುವುದಕ್ಕೆ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೆ ಎಲ್ಲಕ್ಕೂ ಅದೇ ಬೇಕು. ಸ್ಕೂಟರ್ ಎರಡು ದಿನ ನಿಂತರೆ ಎರಡು ದಿನದ ಸಂಪಾದನೆ ನಿಂತ ಹಾಗೆ. ಆದ್ದರಿಂದ ಇವತ್ತು ಒಂದು ಸಣ್ಣ ಕೆಲಸ ಮತ್ತು ಅದಕ್ಕೆ ಬೇಕಾದ ಒಂದು ಸಾಧನದ ಬಗ್ಗೆ ತಿಳಿಯೋಣ. ಕೆಲಸ, ಗೇರ್ ಆಯಿಲ್ ಬದಲಾಯಿಸುವುದು. ಸಾಧನ, ಟಾರ್ಕ್ ರೆಂಚ್.

"ನಮ್ಮ ಸ್ಕೂಟರಿಗೆ ಗೇರೇ ಇಲ್ವಲ್ಲ?" ಅಂತ ನೀವು ಕೇಳಬಹುದು. ಕೈಯಿಂದ ಹಾಕುವ ಗೇರ್ ಇಲ್ಲ, ನಿಜ. ಇಂಜಿನ್ನಿನ ತಿರುಗುವಿಕೆ ಒಂದು ಬೆಲ್ಟ್ ಮತ್ತು ಕ್ಲಚ್ಚಿನ ಮೂಲಕ ಹಿಂದಕ್ಕೆ ಬರುತ್ತದೆ. ಕೊನೆಗೆ ಹಿಂದಿನ ಚಕ್ರದ ಪಕ್ಕದ ಚಿಕ್ಕ ಪೆಟ್ಟಿಗೆಯೊಳಗಿನ ಹಲ್ಲಿನ ಚಕ್ರಗಳನ್ನು ದಾಟಿ ಟಯರಿಗೆ ತಲುಪುತ್ತದೆ. ಆ ಪೆಟ್ಟಿಗೆಯ ಎಣ್ಣೆಯೇ ಗೇರ್ ಆಯಿಲ್. ಇದು ಇಂಜಿನ್ ಆಯಿಲ್ ಅಲ್ಲ, ಎರಡಕ್ಕೂ ಬೇರೆ ಬೇರೆ ಬೋಲ್ಟ್ ಇದೆ. ಪುಸ್ತಕದ ಚಿತ್ರ ನೋಡಿಯೇ ಕೈ ಹಾಕಿ.

ಇಲ್ಲಿ ತಪ್ಪಾಗುವುದು ಎಲ್ಲಿ? ಬಿಗಿ ಮಾಡುವಲ್ಲಿ. ಬೋಲ್ಟ್ ಉಕ್ಕಿನದು, ಪೆಟ್ಟಿಗೆ ಅಲ್ಯೂಮಿನಿಯಂನದು. ಜಾಸ್ತಿ ತಿರುಗಿಸಿದರೆ ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಆಮೇಲೆ ಲೇತ್ ಕೆಲಸದವರ ಹತ್ತಿರ ಹೋಗಬೇಕು, ಇಲ್ಲವೇ ಪೆಟ್ಟಿಗೆಯನ್ನೇ ಬದಲಿಸಬೇಕು. ಕಡಿಮೆ ಬಿಗಿ ಮಾಡಿದರೆ ಎಣ್ಣೆ ಸೋರುತ್ತದೆ. ಆ ಎಣ್ಣೆ ಹಿಂದಿನ ಟಯರಿಗೆ ತಾಗಿದರೆ ತಿರುವಿನಲ್ಲಿ ಸ್ಕೂಟರ್ ಜಾರುತ್ತದೆ. ಹಿಂದೆ ಮಗು ಕೂತಿರುತ್ತದೆ, ನೆನಪಿರಲಿ.

ಸಾರಿಗೆ ಉಪ್ಪು ನಾವು ಕೈ ಅಂದಾಜಿನಲ್ಲೇ ಹಾಕ್ತೇವೆ. ಆದರೆ ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ತಕ್ಕಡಿ ನೋಡ್ತೇವೆ, ಅಲ್ವಾ? ಬೋಲ್ಟಿನ ಬಿಗಿಗೆ ತಕ್ಕಡಿ ಈ ಟಾರ್ಕ್ ರೆಂಚ್. ಇದರ ಅಳತೆಗೆ ನ್ಯೂಟನ್ ಮೀಟರ್ ಅಂತ ಹೆಸರು. 20 ಸೆಂ.ಮೀ. ಉದ್ದದ ಸ್ಪಾನರಿನ ತುದಿಗೆ 5 ಕಿಲೋ ತೂಗು ಹಾಕಿದಷ್ಟು ಬಲ ಕೊಟ್ಟರೆ ಸುಮಾರು 10 ನ್ಯೂಟನ್ ಮೀಟರ್ ಆಗುತ್ತದೆ. ಅದೇ ಬಲವನ್ನು 40 ಸೆಂ.ಮೀ. ಸ್ಪಾನರಿಗೆ ಕೊಟ್ಟರೆ 20! ಕೈಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ, ಬೋಲ್ಟಿಗೆ ಮಾತ್ರ ಇಮ್ಮಡಿ ಹೊರೆ. ಸಾಮಾನ್ಯವಾಗಿ 6 ಮಿ.ಮೀ. ಬೋಲ್ಟಿಗೆ 10ರ ಆಸುಪಾಸು, 8 ಮಿ.ಮೀ. ಬೋಲ್ಟಿಗೆ 20ರ ಆಸುಪಾಸು ಸಾಕು. ನಿಮ್ಮ ಸ್ಕೂಟರಿನ ಸರಿಯಾದ ಅಂಕಿಯನ್ನು ಸರ್ವಿಸ್ ಪುಸ್ತಕ ನೋಡಿ ಇಲ್ಲವೇ ಸರ್ವಿಸ್ ಸೆಂಟರಿನಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಕೆಲವು ಪುಸ್ತಕಗಳಲ್ಲಿ ಕಿಲೋಗ್ರಾಂ ಮೀಟರ್ ಲೆಕ್ಕ ಇರುತ್ತದೆ. ಅಂಥ 1 ಅಂದರೆ 9.8 ನ್ಯೂಟನ್ ಮೀಟರ್.

ಈಗ ಕೆಲಸದ ಕ್ರಮ ನೋಡಿ:

1. ಸ್ಕೂಟರನ್ನು ಸ್ವಲ್ಪ ಓಡಿಸಿ, ಎಣ್ಣೆ ಬೆಚ್ಚಗಾದ ಮೇಲೆ ಸಮತಟ್ಟು ನೆಲದಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಬಂದ್ ಮಾಡಿ. ಸೈಲೆನ್ಸರ್ ಸುಡುತ್ತದೆ, ಜಾಗ್ರತೆ.

2. ಮೊದಲು ಎಣ್ಣೆ ಹಾಕುವ ಬೋಲ್ಟ್ ಬಿಚ್ಚಿ. ಅದೇ ಬಿಚ್ಚದಿದ್ದರೆ ಹಳೇ ಎಣ್ಣೆ ತೆಗೆದು ಏನು ಪ್ರಯೋಜನ? ಆಮೇಲೆ ಕೆಳಗಿನ ಬೋಲ್ಟ್ ಬಿಚ್ಚಿ. ಬಿಚ್ಚಲು ಸಾಧಾರಣ ಸ್ಪಾನರ್ ಸಾಕು, ಟಾರ್ಕ್ ರೆಂಚ್ ಬೇಡ.

3. ಎಣ್ಣೆ ಪೂರ್ತಿ ಇಳಿದ ಮೇಲೆ ಬೋಲ್ಟ್ ಒರೆಸಿ, ಹೊಸ ವಾಷರ್ ಹಾಕಿ, ಬೆರಳಿನಿಂದಲೇ ತಿರುಗಿಸಿ ಕೂರಿಸಿ. ಬೆರಳಿಗೆ ಬಗ್ಗದಿದ್ದರೆ ಓರೆ ಹೋಗಿದೆ ಎಂದರ್ಥ. ತೆಗೆದು ಮತ್ತೆ ಹಾಕಿ, ಒತ್ತಾಯ ಬೇಡ.

4. ಟಾರ್ಕ್ ರೆಂಚಿನ ಹಿಡಿ ತಿರುಗಿಸಿ ಅಂಕಿ ಹೊಂದಿಸಿ. ಹಿಡಿಯನ್ನೇ ಹಿಡಿದು ನಿಧಾನವಾಗಿ ಎಳೆಯಿರಿ. ಕುಕ್ಕರ್ ಸೀಟಿ ಹೊಡೆದ ಹಾಗೆ ಇದು "ಟಿಕ್" ಅನ್ನುತ್ತದೆ. ಅಲ್ಲಿಗೆ ನಿಲ್ಲಿಸಿ. "ಇನ್ನೊಂಚೂರು ಇರಲಿ" ಅಂತ ಮತ್ತೆ ಎಳೆಯಬೇಡಿ. ಹಿಡಿಗೆ ಪೈಪ್ ಸಿಕ್ಕಿಸಿ ಉದ್ದ ಮಾಡಿದರೆ ಅಳತೆ ತಪ್ಪುತ್ತದೆ.

5. ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನು ಹೇಳಿದಷ್ಟೇ ಹಾಕಿ. ಹೆಚ್ಚಿನ ಸ್ಕೂಟರ್‌ಗಳಿಗೆ 100ರಿಂದ 200 ಮಿ.ಲೀ. ಒಳಗೆ ಸಾಕಾಗುತ್ತದೆ. ಮೇಲಿನ ಬೋಲ್ಟನ್ನೂ ಅಳತೆಗೆ ಬಿಗಿ ಮಾಡಿ. ಒಂದು ಸುತ್ತು ಓಡಿಸಿ ಬಂದು, ಹನಿ ಬೀಳುತ್ತಿದೆಯೇ ನೋಡಿ.

ಹಳೇ ಎಣ್ಣೆಯನ್ನು ಚರಂಡಿಗೋ ಬಾವಿಯ ಬಳಿಗೋ ಚೆಲ್ಲಬೇಡಿ. ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ.

ಬೆಲ್ಟ್, ಕ್ಲಚ್ ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೇ ಇರಲಿ, ಅದಕ್ಕೆ ಬೇರೆ ಸಾಧನ ಬೇಕು. ವಾರಂಟಿ ಇರುವ ಹೊಸ ಸ್ಕೂಟರನ್ನು ಕಂಪೆನಿ ಸರ್ವಿಸಿಗೇ ಕೊಡಿ. ಮೆಕ್ಯಾನಿಕ್ ಹತ್ತಿರ ಹೋದಾಗಲೂ "ಅಣ್ಣಾ, ಈ ಬೋಲ್ಟಿಗೆ ಎಷ್ಟು ಟಾರ್ಕ್ ಕೊಡ್ತೀರಿ?" ಅಂತ ಕೇಳಲು ಹಿಂಜರಿಯಬೇಡಿ. ಹಣ ಕೊಡುವವರು ನೀವು, ಕೇಳುವ ಹಕ್ಕೂ ನಿಮ್ಮದು.

ಈ ರೆಂಚನ್ನು ಪ್ರತಿಯೊಬ್ಬರೂ ಕೊಳ್ಳಬೇಕಾಗಿಲ್ಲ, ಸಂಘಕ್ಕೆ ಒಂದು ಸಾಕು. ಸಭೆಯಲ್ಲಿ ಚರ್ಚಿಸಿ, ನಿರ್ಣಯ ಪುಸ್ತಕದಲ್ಲಿ ಬರೆದು ತೆಗೆದುಕೊಳ್ಳಿ. ದೊಡ್ಡದು ಬೇಡ. 5ರಿಂದ 25 ನ್ಯೂಟನ್ ಮೀಟರ್ ಅಳೆಯುವ ಚಿಕ್ಕದೇ ಈ ಕೆಲಸಕ್ಕೆ ಸರಿ. ಕಾರಿನ ಚಕ್ರಕ್ಕೆ ಬಳಸುವ ದೊಡ್ಡ ರೆಂಚಿನಲ್ಲಿ 10 ಅಳೆಯಲು ಹೋಗುವುದು, ಅಕ್ಕಿ ಮೂಟೆಯ ತಕ್ಕಡಿಯಲ್ಲಿ ಏಲಕ್ಕಿ ತೂಗಿದ ಹಾಗೆ. ಕೆಲಸ ಮುಗಿದ ಮೇಲೆ ಅಂಕಿಯನ್ನು ಅತಿ ಕಡಿಮೆಗೆ ಇಳಿಸಿ ಪೆಟ್ಟಿಗೆಯಲ್ಲಿಡಿ. ಒಳಗಿನ ಸ್ಪ್ರಿಂಗಿಗೆ ವಿಶ್ರಾಂತಿ ಬೇಕು. ಕೆಳಗೆ ಬಿದ್ದರೆ ಅಳತೆ ಪರೀಕ್ಷೆ ಮಾಡಿಸದೆ ನಂಬಬೇಡಿ. ಯಾರು ಒಯ್ದರು, ಯಾವಾಗ ತಂದರು ಎಂಬುದಕ್ಕೆ ಒಂದು ಪುಸ್ತಕವಿರಲಿ.

ಸಹೋದರಿಯರೇ, ಉಳಿತಾಯದ ಲೆಕ್ಕ ಬರೆಯಲು ಕಲಿತೆವು, ಬ್ಯಾಂಕಿನಲ್ಲಿ ಮಾತನಾಡಲು ಕಲಿತೆವು. ಇದೂ ಕಲಿಯದ ವಿದ್ಯೆಯೇನಲ್ಲ. ಮುಂದಿನ ಸಭೆಗೆ ನಿಮ್ಮ ಸ್ಕೂಟರಿನ ಪುಸ್ತಕ ಹಿಡಿದು ಬನ್ನಿ, ಅಂಕಿಯನ್ನು ಒಟ್ಟಿಗೆ ಹುಡುಕೋಣ.