ಸುಕ್ಕು, ಲೇಪನ ಮತ್ತು ನಮ್ಮ ಚರ್ಮ



ಊರು ಬಿಟ್ಟು ಅಮೆರಿಕದಲ್ಲಿ ನೆಲೆಸಿದ ನಮ್ಮ ಪೀಳಿಗೆ ಐವತ್ತನ್ನು ದಾಟಿದೆ. ಮಕ್ಕಳ ಮದುವೆಯ ಮಾತು ಆರಂಭವಾಗುವ ಹೊತ್ತಿಗೆ ಕನ್ನಡಿಯೂ ನಿಷ್ಠುರವಾಗಿ ಮಾತನಾಡತೊಡಗುತ್ತದೆ. ಆಗ ನೂರಿನ್ನೂರು ಡಾಲರಿನ ಪುಟ್ಟ ಡಬ್ಬಿಯೊಂದು ಮನೆಗೆ ಬರುತ್ತದೆ. ಇಂಥ ಲೇಪನಗಳಿಂದ ಆಗುವುದೇನು, ಮುಖ ಉರಿದರೆ ನಾವು ಮಾಡಬೇಕಾದುದೇನು ಎಂಬುದನ್ನು ಇಂದು ವಿಚಾರ ಮಾಡೋಣ.

ಸುಕ್ಕಿಗೆ ಮದ್ದೇ ಇಲ್ಲವೆನ್ನುವುದು ಸರಿಯಲ್ಲ. ವಿಟಮಿನ್ ಎ ವರ್ಗಕ್ಕೆ ಸೇರಿದ ಟ್ರೆಟಿನಾಯಿನ್ ಬಿಸಿಲಿನಿಂದ ಕೆಟ್ಟ ಚರ್ಮವನ್ನು ಸುಧಾರಿಸಬಲ್ಲದೆಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದರು. 1995ರಲ್ಲಿ ಅಮೆರಿಕ ಸರಕಾರದ ಆಹಾರ ಮತ್ತು ಔಷಧ ಇಲಾಖೆ ಈ ಬಳಕೆಗೆ ಅನುಮತಿ ನೀಡಿತು. ಇದಕ್ಕೆ ವೈದ್ಯರ ಚೀಟಿ ಬೇಕು. ಅಂಗಡಿಯ ಡಬ್ಬಿಗಳಲ್ಲಿರುವ ರೆಟಿನಾಲ್ ಇದರ ಸೌಮ್ಯ ಬಂಧು. ಆದರೆ ಸೌಂದರ್ಯವರ್ಧಕಗಳು ಮಾರುಕಟ್ಟೆಗೆ ಬರುವ ಮೊದಲು ತಮ್ಮ ಗುಣವನ್ನು ಆ ಇಲಾಖೆಯ ಮುಂದೆ ಸಾಬೀತುಪಡಿಸಬೇಕಾಗಿಲ್ಲ. ಆದ್ದರಿಂದ ಬೆಲೆಯು ಗುಣದ ಅಳತೆಯಲ್ಲ.

ಎಲ್ಲಕ್ಕಿಂತ ಮಿಗಿಲಾದ ಲೇಪನ ಸನ್‌ಸ್ಕ್ರೀನ್. ಆಸ್ಟ್ರೇಲಿಯಾದ ನ್ಯಾಂಬೂರ್ ಊರಿನಲ್ಲಿ 55 ವರ್ಷದೊಳಗಿನ 903 ಜನರನ್ನು ನಾಲ್ಕೂವರೆ ವರ್ಷ ಗಮನಿಸಿದ ಅಧ್ಯಯನವು 2013ರಲ್ಲಿ ಪ್ರಕಟವಾಯಿತು. ಪ್ರತಿದಿನ ಹಚ್ಚಿದವರ ಚರ್ಮದ ಮುಪ್ಪು, ಇಷ್ಟಬಂದಾಗ ಹಚ್ಚಿದವರಿಗಿಂತ ಶೇಕಡಾ 24ರಷ್ಟು ಕಡಿಮೆಯಿತ್ತು.

ಇನ್ನು ತೊಂದರೆಗಳ ವಿಷಯ. ಇವುಗಳಲ್ಲಿ ಎರಡು ಬಗೆ. ಮೊದಲನೆಯದು ಕೆರಳಿಕೆ. ರೆಟಿನಾಲ್ ಹಚ್ಚಿದ ಮೊದಲ ವಾರಗಳಲ್ಲಿ ಉರಿ, ಹೊಟ್ಟೇಳುವಿಕೆ ಸಾಮಾನ್ಯ. ಪ್ರಮಾಣ ತಗ್ಗಿಸಿದರೆ ಇಳಿಯುತ್ತದೆ. ಎರಡನೆಯದು ಅಲರ್ಜಿ. ತಿಂಗಳುಗಟ್ಟಲೆ ಒಗ್ಗಿದ್ದ ಲೇಪನವೇ ಒಂದು ದಿನ ತುರಿಕೆಯನ್ನೂ ರೆಪ್ಪೆಗಳ ಬಾವನ್ನೂ ತರಬಹುದು. ಸುಗಂಧದ್ರವ್ಯಗಳೂ ಕೆಡದಂತೆ ಬೆರೆಸುವ ರಾಸಾಯನಿಕಗಳೂ ಇದಕ್ಕೆ ಮುಖ್ಯ ಕಾರಣ. 'ನೈಸರ್ಗಿಕ' ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಅಪಾಯ ತಪ್ಪದು. ಯಾವ ವಸ್ತು ಒಗ್ಗದೆಂದು ತಿಳಿಯಲು ಬೆನ್ನಿನ ಮೇಲೆ ಪಟ್ಟಿಗಳನ್ನು ಅಂಟಿಸಿ, 48 ಗಂಟೆಗಳ ನಂತರ ತೆಗೆದು, ಮತ್ತೆರಡು ದಿನ ಬಿಟ್ಟು ಪುನಃ ನೋಡುವ ಪ್ಯಾಚ್ ಪರೀಕ್ಷೆಯಿದೆ.

ನಮ್ಮ ಕಂದು ಚರ್ಮಕ್ಕೆ ಒಂದು ವಿಶೇಷ ಕಷ್ಟವಿದೆ. ಉರಿಯೂತ ಶಮನವಾದ ಮೇಲೂ ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸುಕ್ಕು ಕಳೆಯಲು ಹೋಗಿ, ಮದುವೆಯ ಛಾಯಾಚಿತ್ರಗಳಲ್ಲಿ ಕಲೆಯ ಮುಖ ಉಳಿದೀತು. ಈ ಗಾಬರಿಯಲ್ಲೇ ಊರಿನಿಂದ ತಂದಿಟ್ಟ ಟ್ಯೂಬ್ ನೆನಪಾಗುವುದು. ಅಂಥ ಹಲವು ಮುಲಾಮುಗಳಲ್ಲಿ ತೀವ್ರವಾದ ಸ್ಟೀರಾಯಿಡ್ ಇರುತ್ತದೆ. ಎರಡೇ ದಿನಗಳಲ್ಲಿ ಕೆಂಪು ಮಾಯವಾಗುತ್ತದೆ; ಬಿಟ್ಟರೆ ಮರಳುತ್ತದೆ; ಆದ್ದರಿಂದ ಬಿಡಲಾಗುವುದಿಲ್ಲ. ಕ್ರಮೇಣ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣಿಸಿಕೊಂಡು, ಮೊಡವೆಗಳೇಳುತ್ತವೆ. ಭಾರತ ಸರಕಾರವೂ 2018ರಲ್ಲಿ ಇಂಥ ಹಲವು ಲೇಪನಗಳ ಮಾರಾಟಕ್ಕೆ ವೈದ್ಯರ ಚೀಟಿಯನ್ನು ಕಡ್ಡಾಯಗೊಳಿಸಿತು. ಬಂಧುಗಳು ಪ್ರೀತಿಯಿಂದ ಕಳುಹಿಸಿದರೂ ಇದನ್ನು ವೈದ್ಯರನ್ನು ಕೇಳದೆ ಮುಖಕ್ಕೆ ಹಚ್ಚಬಾರದು.

ಹಾಗಾದರೆ ನಾವು ಅನುಸರಿಸಬೇಕಾದ ಕ್ರಮವೇನು? ಒಮ್ಮೆಗೆ ಒಂದೇ ಹೊಸ ಲೇಪನ. ಮೊದಲು ಮೊಣಕೈಯ ಒಳಮಗ್ಗುಲಲ್ಲಿ ದಿನಕ್ಕೆರಡು ಬಾರಿ, ಏಳರಿಂದ ಹತ್ತು ದಿನ ಹಚ್ಚಿ ನೋಡುವುದು. ರೆಟಿನಾಲ್ ಆದರೆ ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ವಾರಕ್ಕೆರಡು ರಾತ್ರಿ ಮಾತ್ರ. ಗರ್ಭಿಣಿಯರೂ ಆ ನಿರೀಕ್ಷೆಯಲ್ಲಿರುವ ಹೆಣ್ಣುಮಕ್ಕಳೂ ಇದನ್ನು ಬಳಸಬಾರದು. ಅತ್ತೆಯ ಡಬ್ಬಿ ಸೊಸೆಗೆ ಸಲ್ಲದು. ಮದುವೆಗೆ ಕೆಲವೇ ವಾರಗಳಿರುವಾಗ ಹೊಸ ಪ್ರಯೋಗ ಬೇಡ. ಮುಖ ಉರಿದರೆ ಎಲ್ಲವನ್ನೂ ನಿಲ್ಲಿಸಿ, ತಣ್ಣೀರಿನಿಂದ ತೊಳೆದು, ಸುಗಂಧವಿಲ್ಲದ ಸಾದಾ ವ್ಯಾಸಲೀನ್ ಸವರಬೇಕು. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಡೆಯದಾಗಿ ಒಂದು ವಿನಂತಿ. ಬಳಸಿದ ಲೇಪನದ ಪೆಟ್ಟಿಗೆಯನ್ನು ಎಸೆಯದಿರಿ. ವೈದ್ಯರಲ್ಲಿಗೆ ಬರುವಾಗ ಜೊತೆಗೆ ತನ್ನಿ, ಊರಿನ ಟ್ಯೂಬನ್ನೂ ಸಂಕೋಚವಿಲ್ಲದೆ ತನ್ನಿ. ಅದರ ಮೇಲಿನ ಸಣ್ಣಕ್ಷರಗಳಲ್ಲಿಯೇ ಬಹುಪಾಲು ಉತ್ತರವಿರುತ್ತದೆ.