ದೂರಸವಾರಿಗೆ ತೊಡಗುವವರಿಗೆ

1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್ ದಳದ ನಾಡಿನವರು ನಾವು. ಆದರೂ ಕುದುರೆಯೆಂದೊಡನೆ ನಮಗೆ ನೆನಪಾಗುವುದು ಪಂದ್ಯದ ವೇಗವೇ. ದೂರಸವಾರಿಯ ರೀತಿಯೇ ಬೇರೆ. ಇಲ್ಲಿ ಗುರಿ ಮುಟ್ಟಿದೊಡನೆ ಗೆದ್ದಂತಾಗದು. ಪಶುವೈದ್ಯರು ಕುದುರೆಯ ನಾಡಿಯನ್ನು ನೋಡಬೇಕು. ಗೊತ್ತಾದ ಅವಧಿಯೊಳಗೆ ಅದು ಸಾಮಾನ್ಯವಾಗಿ ನಿಮಿಷಕ್ಕೆ 64 ಬಡಿತಕ್ಕೆ ಇಳಿಯದಿದ್ದರೆ, ಅಥವಾ ಕುದುರೆ ಕುಂಟಿದರೆ, ಸವಾರನು ಸ್ಪರ್ಧೆಯಿಂದ ಹೊರಗೆ. ಈ ಕಟ್ಟಳೆಯಿಲ್ಲದಿದ್ದರೆ ಛಲಗಾರನು ಕುದುರೆಯನ್ನು ಸಾಯುವವರೆಗೂ ಓಡಿಸಿಯಾನು.

ವೈಟ್‌ಫೀಲ್ಡ್, ಪೀಣ್ಯಗಳ ಡಾಂಬರು ನೆಲ ಕುದುರೆಯ ಕಾಲಿಗೆ ಹಗೆ; ಅಲ್ಲಿನವರು ಊರಾಚೆಯ ಮಣ್ಣುದಾರಿಯನ್ನು ಅರಸಬೇಕು. ಮಾಂಸಖಂಡಗಳು ವಾರಗಳಲ್ಲಿ ಬಲಿಯುತ್ತವೆ. ಮೂಳೆಗಳಿಗೂ ಸ್ನಾಯುರಜ್ಜುಗಳಿಗೂ ತಿಂಗಳುಗಳು ಬೇಕು. ಹುರುಪಿನ ಕುದುರೆ ಕಾಲು ಕೆಡಿಸಿಕೊಳ್ಳುವುದು ಈ ನಡುವೆಯೇ. ಆದುದರಿಂದ ಮೊದಮೊದಲು ಬಹುಪಾಲು ನಡಿಗೆಯೇ ಇರಲಿ. ಕಡಿದಾದ ಇಳಿಜಾರಿನಲ್ಲಿ ನಾವೂ ಕೆಳಗಿಳಿದು ಜೊತೆಗೆ ನಡೆದರೆ ಮಾನವೇನೂ ಹೋಗದು.